ಶುಕ್ರವಾರ ನಾಲ್ಕು ಇಪ್ಪತ್ತರ ಬೀಗ

ನಾನು ಓದಿರುವುದು ಎಂಟನೇ ಕ್ಲಾಸು. ಇದನ್ನು ಮೊದಲೇ ಹೇಳಿಬಿಡುವುದು ನನ್ನ ಪದ್ಧತಿ. ನಾನು ಹೇಳದಿದ್ದರೆ ಬೇರೆ ಯಾರಾದರೂ ಹೇಳುತ್ತಾರೆ, ಅದೂ ದನಿ ತಗ್ಗಿಸಿ, ಕಾಯಿಲೆಯ ವಿಷಯ ಹೇಳಿದ ಹಾಗೆ. ಎಂಟಾದ ಮೇಲೆ ಚಾಮರಾಜಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿ, ಆಮೇಲೆ ಟೀವಿ ರಿಪೇರಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಜೋಡಿಸುವ ಸ್ವಂತ ಅಂಗಡಿ. ಶಟರ್ ಎತ್ತಿದರೆ ಎರಡು ಮೇಜು, ಒಂದು ಸ್ಟೂಲು, ಅಷ್ಟೆ. ಇಂಜಿನಿಯರುಗಳು ಬಂದು ಆ ಸ್ಟೂಲಿನ ಮೇಲೆ ಕೂತು ನನ್ನ ಕೆಲಸ ಮುಗಿಯುವವರೆಗೆ ಕಾಯುತ್ತಿದ್ದರು. ಸ್ಟೂಲಿನ ಕಾಲುಗಳನ್ನು ನಾನು ಬೇಕೆಂದೇ ಮೂರು ಇಂಚು ಕೊಯ್ದಿದ್ದೆ.

ಶಂಕರಪುರದಲ್ಲಿ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ ಇದ್ದರು. ಸರ್ವೀಸಿನ ಉದ್ದಕ್ಕೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಭ್ಯಾಸವಾಗಿದ್ದ ಅವರು, ನಿವೃತ್ತರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ವಧೂವರರ ಮಾಹಿತಿ ಕೇಂದ್ರ ತೆರೆದು ತಂದೆತಾಯಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಜಾತಕ, ಫೋಟೊ, ಗೋತ್ರ, ಎತ್ತರ ಎಲ್ಲವೂ ಮೊದಲು ದಪ್ಪ ರಿಜಿಸ್ಟರುಗಳಲ್ಲಿದ್ದವು. ಮಲ್ಲೇಶ್ವರದಲ್ಲಿ ಒಂದು ಶಾಖೆ ಆದಾಗ, ಅಲ್ಲಿಯವರು ಒಂದು ಜಾತಕ ನೋಡಲು ಆಟೋ ಹಿಡಿದು ಶಂಕರಪುರಕ್ಕೆ ಬರುವುದು ತಪ್ಪಲಿ ಎಂದು ನಾನು ಮೇಡಂಗೆ ಒಂದು ಸರ್ವರ್ ಮಾಡಿಕೊಟ್ಟೆ. ಎಲ್ಲರ ಮಾಹಿತಿಯನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕೇಳಿದವರಿಗೆ ಇಂಟರ್ನೆಟ್ಟಿನಲ್ಲಿ ಕೊಡುವ ಕಂಪ್ಯೂಟರು ಅದು. ಎಸ್.ಪಿ. ರಸ್ತೆಯಲ್ಲಿ ಒಂದೊಂದೇ ಭಾಗ ಆರಿಸಿ ತಂದು, ಕೊನೆಯ ತಿರುಪಿನವರೆಗೆ ನಾನೇ ಬಿಗಿದದ್ದು. ಮನೆಯ ಉಗ್ರಾಣದಲ್ಲಿ, ಉಪ್ಪಿನಕಾಯಿ ಭರಣಿಗಳ ಪಕ್ಕ, ಅದಕ್ಕೊಂದು ತಂಪಾದ ಜಾಗ ಮಾಡಿಕೊಟ್ಟಿದ್ದೆ.

ಆ ಮನೆಯಲ್ಲಿ ನನಗೆ ಒಂದೇ ಕಿರಿಕಿರಿ. ಎಷ್ಟು ಬೇಗ ಹೊರಟರೂ ನಾನು ಲೇಟು. ಹನ್ನೊಂದಕ್ಕೆ ಎಂದಿದ್ದರೆ ಹನ್ನೊಂದಕ್ಕೇ ಗೇಟು ತೆಗೆಯುತ್ತಿದ್ದೆ, ಮೇಡಂ ಹಾಲಿನ ಗೋಡೆಯ ಲೋಲಕದ ಗಡಿಯಾರಕ್ಕೆ ಕಣ್ಣಲ್ಲೇ ಸನ್ನೆ ಮಾಡಿ "ಹತ್ತು ನಿಮಿಷ ಆಯ್ತಪ್ಪಾ" ಎನ್ನುತ್ತಿದ್ದರು. ತಪ್ಪು ನನ್ನ ಹಳೆಯ ಸ್ಕೂಟರಿನದು ಎಂದುಕೊಂಡು ಎರಡು ವರ್ಷ ಅದನ್ನು ಬೈದೆ.

ಕಥೆ ಶುರುವಾದದ್ದು ಮೇಡಂ ಅವರ ಅಕ್ಕನ ಮಗನಿಂದ. ಬಿ.ಇ. ಮಾಡಿದವನು, ಇನ್ನೂ ಮದುವೆಯಾಗಿರಲಿಲ್ಲ. ಭಾನುವಾರ ತಿಂಡಿಗೆ ಬಂದರೂ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ತೂಗುತ್ತಿತ್ತು. ಒಂದು ದಿನ ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ನಮ್ಮ ಸೈಟು ತೆಗೆದು ನೋಡಿದವನು ನಾಲಿಗೆಯಲ್ಲಿ ಲೊಚಗುಟ್ಟಿದ.

"ಚಿಕ್ಕಮ್ಮ, ಇದಕ್ಕೆ ಬೀಗಾನೇ ಇಲ್ವಲ್ಲ! ಹುಡುಗೀರ ಫೋನ್ ನಂಬರು, ನಿಮ್ಮ ಪಾಸ್‌ವರ್ಡು, ಎಲ್ಲ ಪೋಸ್ಟ್ ಕಾರ್ಡ್ ಥರ ಹೋಗ್ತಿದೆ. ದಾರೀಲಿ ಯಾರ್ ಬೇಕಾದ್ರೂ ಓದ್ಕೋಬಹುದು."

ಅವನು ಹೇಳಿದ್ದು ಸರಿಯಾಗಿತ್ತು. ನನಗೆ ಕೋಪ ಬಂದದ್ದೇ ಅದಕ್ಕೆ.

"ಮೆಷಿನ್ನು ನನ್ನ ಫ್ರೆಂಡ್ಸ್ ಕಂಪನಿಗೆ ಕೊಟ್ಬಿಡಿ ಚಿಕ್ಕಮ್ಮ. ಅವರು ಪ್ರೊಫೆಶನಲ್ಸು" ಎಂದ. ಹಾಗೆನ್ನುವಾಗ ನನ್ನ ಕಡೆ ನೋಡಲಿಲ್ಲ. ನಾನು ಎದುರಿಗೇ ನಿಂತಿದ್ದೆ.

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ತೀರ್ಪು ಕೊಡುವ ಮೊದಲು ಅವರು ಹಾಗೆ ಮಾಡುತ್ತಿದ್ದರು. "ನೋಡಪ್ಪಾ, ಈ ಶುಕ್ರವಾರ ಹೆಣ್ಣು ಹೆತ್ತೋರು ಹತ್ತು ಜನ ಬರ್ತಾರೆ. ಪಂಚಾಂಗದಲ್ಲಿ ನಾಲ್ಕು ಇಪ್ಪತ್ತಕ್ಕೆ ಒಳ್ಳೇ ಮುಹೂರ್ತ ಇದೆ. ಆ ಹೊತ್ತಿಗೆ ಕೂತು, ಅವರೆದುರಿಗೇ ಬೀಗ ಮಾಡಿ ತೋರಿಸು. ಮುಂಚೇನೇ ಮಾಡಿಟ್ಕೊಂಡ್ ಬರ್ಬೇಡ. ಬೀಗ ಬಂದ್ರೆ ಮೆಷಿನ್ನು ನಿನ್ನ ಕೈಲೇ ಇರುತ್ತೆ. ಬರ್ಲಿಲ್ಲಾಂದ್ರೆ ಶನಿವಾರ ಇವನು ಕಾರಲ್ಲಿ ಎತ್ಕೊಂಡ್ ಹೋಗ್ತಾನೆ."

ನಾನು ಬಿಗಿದ ತಿರುಪುಗಳನ್ನು ಇನ್ನೊಬ್ಬ ಬಿಚ್ಚುವುದೇ? "ಆಗ್ಲಿ ಮೇಡಂ" ಎಂದೆ. ಹೇಗೆ ಎಂದು ಆಗ ಗೊತ್ತಿರಲಿಲ್ಲ.

ಬೀಗ ಎಂದರೆ ಬ್ರೌಸರಿನ ಕೆಳಮೂಲೆಯಲ್ಲಿ ಕಾಣುವ ಪುಟ್ಟ ಹಳದಿ ಬೀಗದ ಚಿತ್ರ. ಅದು ಬರಬೇಕಾದರೆ ಸರ್ವರಿನ ಬಳಿ ಒಂದು ಸರ್ಟಿಫಿಕೇಟು ಇರಬೇಕು. ಇದು ಯಾವ ಸೈಟು, ಯಾವ ದಿನ ಎಷ್ಟು ಹೊತ್ತಿನಿಂದ ಯಾವ ದಿನದವರೆಗೆ ಚಾಲ್ತಿ ಎಂದು ಬರೆದ ಒಂದು ಸಣ್ಣ ಫೈಲು. ಹೊರದೇಶದ ದೊಡ್ಡ ಕಂಪನಿಗಳು ಅದನ್ನು ಕೊಡುತ್ತವೆ. ನಮ್ಮ ಹಾಗೆ ನಾಲ್ಕಾರು ಕಂಪ್ಯೂಟರುಗಳ ಮಟ್ಟಿಗಾದರೆ ಸ್ವತಃ ತಯಾರಿಸಿಕೊಂಡು, ಆ ಕಂಪ್ಯೂಟರುಗಳಿಗೆ "ಇದನ್ನು ನಂಬು" ಎಂದು ಒಮ್ಮೆ ಹೇಳಿಕೊಟ್ಟರೂ ಸಾಕು. ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಳ್ಳುವುದು ನನ್ನ ಜಾಯಮಾನಕ್ಕೂ ಒಗ್ಗುವ ಕೆಲಸ. ಆದರೆ ಅದನ್ನು ಮಾಡುವುದು ಮೌಸ್ ಒತ್ತಿ ಅಲ್ಲ. ಕಪ್ಪು ಪರದೆಯ ಮೇಲೆ ಉದ್ದುದ್ದ ಆಜ್ಞೆಗಳನ್ನು ಟೈಪು ಮಾಡಬೇಕು, ಒಂದು ಚುಕ್ಕೆ ಆಚೀಚೆಯಾದರೂ ಪರದೆ ಮುಖಕ್ಕೆ ಎರರ್ ಎಸೆಯುತ್ತದೆ.

ಎರರ್ ಎಂದರೆ ನನಗೆ ಭಯವಿಲ್ಲ. ಓದಿದವರು ಎರರ್ ಬಂದರೆ ಓದುವುದಿಲ್ಲ. "ಏನೋ ಎರರ್ ಬರ್ತಿದೆ" ಎಂದು ಕಿಟಕಿ ಮುಚ್ಚುತ್ತಾರೆ. ನಾನು ಓದದವನು, ಅದಕ್ಕೇ ಪ್ರತಿ ಅಕ್ಷರ ಓದುತ್ತೇನೆ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ ನಿಘಂಟು ಒಂದು, ಇನ್ನೂರು ಪುಟದ ನೋಟ್‌ಬುಕ್ಕು ಒಂದು. ಬಂದ ಎರರನ್ನು ಹಾಗೇ ಇಂಗ್ಲಿಷಿನಲ್ಲಿ ಇಳಿಸಿಕೊಳ್ಳುವುದು, ಕೆಳಗೆ ಕನ್ನಡದಲ್ಲಿ ಅರ್ಥ, ಅದರ ಕೆಳಗೆ ಮದ್ದು. ಮೋಟಾರ್ ತಿರುಗದಿದ್ದರೆ ಮೊದಲು ಫ್ಯೂಸು ನೋಡು ಎಂದು ವೈಂಡಿಂಗ್ ಅಂಗಡಿಯಲ್ಲಿ ಕಲಿತ ಪಾಠ ಇಲ್ಲಿಯೂ ಕೆಲಸ ಮಾಡುತ್ತದೆ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಅದು ಮೇಡಂ ಊಟ ಮಾಡಿ ಅಡ್ಡಾಗುವ ಹೊತ್ತು. ಧೂಳು ಒರೆಸುವ ನೆಪ ಹೇಳಿ ಉಗ್ರಾಣ ಸೇರಿದೆ. ಮುಂಚೆ ಮಾಡಬೇಡ ಎಂದಿದ್ದರು, ಅಭ್ಯಾಸ ಮಾಡಬೇಡ ಎಂದಿರಲಿಲ್ಲವಲ್ಲ.

ಮೊದಲನೆಯ ಆಜ್ಞೆಗೇ ಪರದೆ ಮುನಿಸಿಕೊಂಡಿತು. ಬರೆಯಬೇಕಾದ ಒಂದು ಫೈಲನ್ನು ಬರೆಯಲಾಗಲಿಲ್ಲವಂತೆ. ಅರ್ಧ ಗಂಟೆ ಹುಡುಕಿದರೆ, ನನ್ನದೇ ಹೆಸರಿನ ಮನೆ ಫೋಲ್ಡರಿನಲ್ಲಿ ಬರೆಯಲು ನನಗೇ ಅನುಮತಿ ಇರಲಿಲ್ಲ. ಮದುವೆಯಾದ ಗಂಡಸಿಗೆ ಇದು ಹೊಸ ವಿಷಯವೇನಲ್ಲ, ಅನುಮತಿ ಪಡೆದು ಮುಂದೆ ಹೋದೆ.

ಆಮೇಲೆ ಪರದೆ ಒಂದೊಂದೇ ಪ್ರಶ್ನೆ ಕೇಳತೊಡಗಿತು, ಶಾಲೆಗೆ ಸೇರಿಸುವಾಗ ಕೇಳುವ ಹಾಗೆ. ಯಾವ ದೇಶ? ಇಂಡಿಯಾ ಎಂದು ಪೂರ್ತಿ ಬರೆದೆ. ಉದ್ದವಾಯಿತು, ಎರಡೇ ಅಕ್ಷರ ಸಾಕು ಎಂದಿತು. ಇಷ್ಟು ದೊಡ್ಡ ದೇಶಕ್ಕೆ ಎರಡೇ ಅಕ್ಷರವೇ ಎಂದು ಗೊಣಗಿಕೊಂಡು ಎರಡನ್ನೇ ಕೊಟ್ಟೆ. ಕೊನೆಯಲ್ಲಿ ಹೆಸರು ಕೇಳಿತು. ಗೇಟಿನ ಬೋರ್ಡಿನಲ್ಲಿದ್ದಂತೆ ಮೇಡಂ ಹೆಸರನ್ನು ಎಂ.ಎ., ಬಿ.ಎಡ್. ಸಮೇತ ಗೌರವದಿಂದ ತುಂಬಿದೆ. ಸರ್ಟಿಫಿಕೇಟು ಹುಟ್ಟಿತು. ಆದರೆ ಬ್ರೌಸರಿಗೆ ಮೇಡಂ ಡಿಗ್ರಿಯ ಮೇಲೆ ಗೌರವವಿರಲಿಲ್ಲ. ಅಲ್ಲಿ ಬರೆಯಬೇಕಾದದ್ದು ಸೈಟಿನ ವಿಳಾಸವಂತೆ, ಸರ್ಟಿಫಿಕೇಟಿನ ಹೆಸರೇ ಬೇರೆ, ಸೈಟಿನ ಹೆಸರೇ ಬೇರೆ ಎಂದು ತಕರಾರು ತೆಗೆಯಿತು.

ಸಿಟ್ಟಿನಲ್ಲಿ ಮತ್ತೆ ಬುಡದಿಂದ ಶುರು ಮಾಡಿದೆ. ಆ ಸಿಟ್ಟಿನದೇ ತಪ್ಪು. ಸರ್ಟಿಫಿಕೇಟಿಗೆ ಜೋಡಿಯಾಗಿರಬೇಕಾದ ಕೀಲಿಕೈ ಫೈಲನ್ನು ಹೊಸದಾಗಿ ಮಾಡಿ, ಅದರ ಜೊತೆಗೆ ಹಳೆಯ ಸರ್ಟಿಫಿಕೇಟನ್ನೇ ಇಟ್ಟುಬಿಟ್ಟೆ. ಒಂದಕ್ಕೊಂದು ಜೋಡಿಯಲ್ಲ ಎಂದು ಬರೆದು, ಏಳಲೊಲ್ಲೆ ಎಂದು ಸರ್ವರು ಮಲಗಿತು. ಕೂಡಿಬರದ ಜಾತಕ ಕಂಡರೆ ಮೇಡಂ ಕೂಡ ಇಷ್ಟು ಕಟುವಾಗಿ ಹೇಳುತ್ತಿರಲಿಲ್ಲ.

ಒಳಗಿನಿಂದ ಮೇಡಂ ದನಿ ಕೇಳಿತು. "ಏನಪ್ಪಾ, ಇಷ್ಟೊತ್ತು ಧೂಳಾ?"

"ಜಾಸ್ತಿ ಇದೆ ಮೇಡಂ. ಮೂಲೇಲೆಲ್ಲ ಸೇರ್ಕೊಂಡಿದೆ."

ಜೋಡಿ ಸರಿಮಾಡಿದೆ. ಎಲ್ಲವೂ ನೆಟ್ಟಗಾಯಿತು. ಆದರೆ ಎದೆ ನೆಟ್ಟಗಾಗಲಿಲ್ಲ. ಯಾರೂ ನೋಡದ ಉಗ್ರಾಣದಲ್ಲೇ ನಾಲ್ಕು ಎರರ್. ಶುಕ್ರವಾರ ಹತ್ತು ಜನ ಕೂತು, ಹಿಂದೆ ಆ ಬಿ.ಇ. ಕೈಕಟ್ಟಿ ನಿಂತಿರುವಾಗ ಐದನೆಯದು ಬಂದರೆ? ಆಗ ನೋಟ್‌ಬುಕ್ಕು ತೆಗೆದು, ನಿಘಂಟು ತೆಗೆದು, ಓದಿಕೊಂಡು ಕೂರಲೇ?

ಆಗ ಆ ತುಂಟ ಯೋಚನೆ ಬಂತು. ಸರ್ಟಿಫಿಕೇಟು ತನ್ನ ಹುಟ್ಟಿದ ಹೊತ್ತನ್ನು ಬರೆದುಕೊಳ್ಳುವುದು ಮೆಷಿನ್ನಿನ ಗಡಿಯಾರ ನೋಡಿ. ಪಂಚಾಂಗ ನೋಡಿ ಅಲ್ಲ. ಮೆಷಿನ್ನಿನ ಗಡಿಯಾರವನ್ನು ಎರಡು ದಿನ ಮುಂದೆ ತಳ್ಳಿ ಶುಕ್ರವಾರ ನಾಲ್ಕು ಇಪ್ಪತ್ತು ಮಾಡಿದೆ. ಸರ್ಟಿಫಿಕೇಟು ಮಾಡಿದೆ. ಮುಂದಿನ ಕೋಣೆಯ ಕಂಪ್ಯೂಟರಿನ ಗಡಿಯಾರವನ್ನೂ ಅಷ್ಟೇ ತಳ್ಳಿ, ಇದನ್ನು ನಂಬು ಎಂದು ಅದಕ್ಕೆ ಹೇಳಿಕೊಟ್ಟು, ಸೈಟು ತೆಗೆದು ನೋಡಿದೆ. ಹಳದಿ ಬೀಗ ಕಣ್ಣು ಮಿಟುಕಿಸಿತು. ಅದನ್ನು ಒಂದು ಫೋಲ್ಡರಿನಲ್ಲಿ ಬಚ್ಚಿಟ್ಟು, ಎರಡೂ ಗಡಿಯಾರಗಳನ್ನು ಬುಧವಾರಕ್ಕೆ ತಂದೆ. ತಂದದ್ದು ಸಾಲದೆಂದು, ರೇಡಿಯೋದ ಪೀಪ್ ಸದ್ದಿಗೆ ಸೆಕೆಂಡಿನ ಲೆಕ್ಕದಲ್ಲಿ ಹೊಂದಿಸಿದೆ. ಅಚ್ಚುಕಟ್ಟು ನನ್ನ ದೌರ್ಬಲ್ಯ.

ಇನ್ನು ಶುಕ್ರವಾರ ನಾನು ಮಾಡಬೇಕಾದದ್ದು ಕಪ್ಪು ಪರದೆಯ ಮೇಲೆ ಹತ್ತು ಸಾಲು ಟಪಟಪ ಹೊಡೆದು ನಾಟಕವಾಡುವುದು, ಕೊನೆಗೆ ಬಚ್ಚಿಟ್ಟದ್ದನ್ನು ಜಾಗಕ್ಕೆ ಹಾಕುವುದು. ಮುಹೂರ್ತವೂ ಸರಿ, ನಾನೂ ಸರಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಮುಹೂರ್ತಾನೂ ಕಾಪಿ ಹೊಡೆದ್ರಾ? ಈ ಬುದ್ಧಿ ಎಂಟನೇ ಕ್ಲಾಸಲ್ಲೇ ಇದ್ದಿದ್ರೆ ಒಂಬತ್ತಕ್ಕಾದ್ರೂ ಹೋಗಿರ್ತಿದ್ರಿ."

ಶುಕ್ರವಾರ ಗಾಂಧಿ ಬಜಾರಿನಲ್ಲಿ ಎರಡು ಮೊಳ ಸೇವಂತಿಗೆ ಕಟ್ಟಿಸಿಕೊಂಡು ಹೋದೆ. ಹೆಣ್ಣು ಹೆತ್ತವರು ಹಾಲಿನಲ್ಲಿ, ಮುಂದಿನ ಕೋಣೆಯ ಕಂಪ್ಯೂಟರು ತೆರೆದ ಬಾಗಿಲಲ್ಲಿ ಕಾಣುವ ಹಾಗೆ ಕೂತಿದ್ದರು. ಮೇಡಂ ಉಗ್ರಾಣಕ್ಕೆ ಹೋಗಿ ಸರ್ವರ್ ಪೆಟ್ಟಿಗೆಗೆ ಹೂವು ಮುಡಿಸಿ, ಮಾನಿಟರಿಗೆ ಕುಂಕುಮ ಇಟ್ಟು ಬಂದರು. ಅಕ್ಕನ ಮಗ ನನ್ನ ಕುರ್ಚಿಯ ಹಿಂದೆಯೇ ಜಾಗ ಹಿಡಿದ. ಎಲ್ಲರ ಕಣ್ಣೂ ಲೋಲಕದ ಗಡಿಯಾರದ ಮೇಲೆ. ಮುಳ್ಳು ನಾಲ್ಕು ಇಪ್ಪತ್ತಕ್ಕೆ ಬಂತು.

"ಹೂಂ, ಶುರು ಮಾಡು" ಎಂದರು ಮೇಡಂ.

ಮುಂದಿನ ಕೋಣೆಯ ಕಂಪ್ಯೂಟರಿನಿಂದಲೇ ಸರ್ವರಿನೊಳಗೆ ಹೊಕ್ಕು ನಾಟಕ ಶುರು ಮಾಡಿದೆ. ಇಂಥ ಟೈಪಿಂಗ್ ಆ ಮನೆ ನೋಡಿರಲಿಲ್ಲ. ಕೊನೆಯ ಸಾಲು ಹೊಡೆದು, ಬಚ್ಚಿಟ್ಟದ್ದನ್ನು ಜಾಗಕ್ಕೆ ಹಾಕಿ, ಬ್ರೌಸರ್ ತೆಗೆದು, ಎಂಟರ್ ಒತ್ತಿ, ಕೈ ಒರೆಸಿಕೊಂಡು ಹಿಂದಕ್ಕೆ ಒರಗಿದೆ.

ಬೀಗ ಬರಲಿಲ್ಲ. ಪರದೆಯ ಮೇಲೆ ಎಚ್ಚರಿಕೆಯ ಡಬ್ಬಿಯೊಂದು ಎದ್ದು ನಿಂತಿತು. ಅದರಲ್ಲಿ ಮೂರು ಸಾಲು. ಎರಡರ ಮುಂದೆ ಹಸಿರು ಗುರುತು, ಒಂದರ ಮುಂದೆ ಹಳದಿ ತ್ರಿಕೋನ.

"ಏನ್ ಗುರು, ಮುಹೂರ್ತಕ್ಕೇ ಬೀಗ ಕೆಟ್ಹೋಯ್ತಾ?" ಎಂದ ಅಕ್ಕನ ಮಗ. ನನ್ನ ಕಿವಿಯ ಹತ್ತಿರವೇ, ಎಲ್ಲರಿಗೂ ಕೇಳುವ ಹಾಗೆ.

ನಾನು ಓದಿದೆ. ಹಳದಿ ಸಾಲು ಹೇಳುತ್ತಿತ್ತು: ಈ ಸರ್ಟಿಫಿಕೇಟಿನ ಅವಧಿ ಮುಗಿದಿದೆ, ಅಥವಾ ಇನ್ನೂ ಆರಂಭವಾಗಿಲ್ಲ. ಮುಗಿದಿರಲು ಸಾಧ್ಯವಿಲ್ಲ, ಇವತ್ತು ಹುಟ್ಟಿದ ಕೂಸು. ಹಾಗಾದರೆ ಇನ್ನೂ ಆರಂಭವಾಗಿಲ್ಲ. ಪರದೆಯ ಮೂಲೆಯ ಗಡಿಯಾರ ನೋಡಿದೆ. ನಾಲ್ಕು ಹನ್ನೊಂದು. ತಲೆ ಎತ್ತಿ ಗೋಡೆ ನೋಡಿದೆ. ನಾಲ್ಕು ಇಪ್ಪತ್ತೊಂದು.

ಎರಡು ವರ್ಷ ನನ್ನ ಸ್ಕೂಟರನ್ನು ಬೈದದ್ದೆಲ್ಲ ಒಂದೇ ಸಲ ನೆನಪಾಯಿತು. ಈ ಮನೆಯ ಗಡಿಯಾರವೇ ಹತ್ತು ನಿಮಿಷ ಮುಂದೆ!

ಕಂಪ್ಯೂಟರಿನ ಗಡಿಯಾರವನ್ನು ಹತ್ತು ನಿಮಿಷ ತಳ್ಳಿದರೆ ಬೀಗ ಬರುತ್ತದೆ. ಆದರೆ ಅಕ್ಕನ ಮಗನ ಗುರುತಿನ ಚೀಟಿ ನನ್ನ ಭುಜಕ್ಕೆ ತಾಗುತ್ತಿತ್ತು. ಗಡಿಯಾರ ಮುಟ್ಟಿದ ಕೂಡಲೇ ಎಲ್ಲ ಹೊರಬೀಳುತ್ತದೆ, ಶನಿವಾರ ಕಾರು ಬರುತ್ತದೆ. ಉಳಿದದ್ದು ಒಂದೇ ದಾರಿ, ಹತ್ತು ನಿಮಿಷ ಕಳೆಯುವುದು. ಡಬ್ಬಿ ಮುಚ್ಚಿ, ಕುರ್ಚಿ ತಿರುಗಿಸಿ, ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ. ಕೈ ಜೋಡಿಸಿದೆ.

"ಸಾರ್, ನಾನು ಎಂಟನೇ ಕ್ಲಾಸು. ಇದು ಜಾಗಕ್ಕೆ ಕೂರೋಕೆ ಸ್ವಲ್ಪ ಟೈಮ್ ತಗೊಳುತ್ತೆ. ಅಷ್ಟರಲ್ಲಿ ಈ ಬೀಗ ಹೇಗೆ ಕೆಲಸ ಮಾಡುತ್ತೆ ಅಂತ ದೊಡ್ಡೋರಿಗೆಲ್ಲ ನೀವೇ ಬಿಡಿಸಿ ಹೇಳ್ಬಿಡಿ. ನಿಮ್ಮಂಥೋರು ಹೇಳಿದ್ರೆ ತೂಕ."

ಓದಿದವರಿಗೆ ಈ ಒಂದು ಜಾಗದಲ್ಲಿ ತಡೆದುಕೊಳ್ಳಲು ಆಗುವುದಿಲ್ಲ. ಅವನು ಹಾಲಿನ ಮಧ್ಯೆ ಹೋಗಿ ನಿಂತ. ಎರಡು ಕೀಲಿಕೈ ಇರುತ್ತದೆ, ಒಂದನ್ನು ಊರಿಗೆಲ್ಲ ಹಂಚುತ್ತೇವೆ, ಒಂದನ್ನು ಬಚ್ಚಿಡುತ್ತೇವೆ ಎಂದ. ಯಾರದೋ ಜಾತಕದ ಹಿಂಬದಿಯಲ್ಲಿ ದೊಡ್ಡ ದೊಡ್ಡ ಸಂಖ್ಯೆಗಳನ್ನು ಗುಣಿಸತೊಡಗಿದ.

ವಿಶ್ವೇಶ್ವರಪುರಂನಿಂದ ಬಂದಿದ್ದ ಒಬ್ಬ ತಂದೆ ಕೈ ಎತ್ತಿದರು. "ಒಂದ್ನಿಮಿಷ. ಕೀಲಿಕೈ ಊರಿಗೆಲ್ಲ ಹಂಚಿದ್ಮೇಲೆ ಬೀಗ ಯಾಕ್ರೀ ಹಾಕ್ಬೇಕು?"

"ಅಂಕಲ್, ಆ ಕೀಲಿಯಿಂದ ಹಾಕೋಕ್ ಮಾತ್ರ ಆಗುತ್ತೆ, ತೆಗೆಯೋಕ್ ಆಗಲ್ಲ."

"ಹಾಕೋಕೆ ಕೀಲಿ ಯಾತಕ್ಕೆ? ನಮ್ಮನೇಲಿ ಒತ್ತಿದ್ರೆ ಬೀಳುತ್ತೆ."

ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ನಾಲ್ಕು ಹದಿನಾರು. ಒಳಗೊಳಗೇ ಆ ತಂದೆಗೆ ನೂರು ನಮಸ್ಕಾರ ಹಾಕಿದೆ. ಎರಡನೆಯ ಸಲದ ವಿವರಣೆ ಬೇಗ ಮುಗಿಯುವ ಲಕ್ಷಣ ಕಾಣುವ ಹೊತ್ತಿಗೆ, ಅದೇ ತಂದೆಯ ಪಕ್ಕದಲ್ಲಿದ್ದ ಅವರ ಮನೆಯವರು ಮುಂದಕ್ಕೆ ಬಾಗಿದರು.

"ಎಷ್ಟು ಚೆನ್ನಾಗಿ ಹೇಳ್ತಾರೆ! ಅಲ್ಲಪ್ಪಾ, ನಿಮಗೆ ಮದುವೆ ಆಗಿದ್ಯಾ?"

ಹಾಲಿನಲ್ಲಿದ್ದವರೆಲ್ಲ ಒಮ್ಮೆಗೇ ಎದ್ದು ಕೂತರು. ಹತ್ತು ಜನ ಹೆಣ್ಣು ಹೆತ್ತವರು, ನಡುವೆ ಒಬ್ಬ ಬಿ.ಇ. ಮುಗಿಸಿದ ಬ್ರಹ್ಮಚಾರಿ. ಯಾವ ನಕ್ಷತ್ರ, ಯಾವ ಪಾದ, ಊರ ಕಡೆ ಎಲ್ಲಿ, ಗೋತ್ರ ಯಾವುದು? ಅವನು ಕೀಲಿಕೈ ಮರೆತ. ಗೋತ್ರ ಹೇಳಿ ಮುಗಿಸುವಷ್ಟರಲ್ಲಿ ಮೂಲೆಯ ಗಡಿಯಾರ ನಾಲ್ಕು ಇಪ್ಪತ್ತೊಂದು ತೋರಿಸಿತು. ನಾನು ಒಂದೇ ಒಂದು ಗುಂಡಿ ಒತ್ತಿದೆ.

ಹಳದಿ ಬೀಗ ಬಂತು.

"ಮೇಡಂ!" ಎಂದೆ. ಎಲ್ಲರೂ ಬಂದು ಬಗ್ಗಿ ನೋಡಿದರು. "ಇಷ್ಟು ಚಿಕ್ಕದಾ?" ಎಂದರು ಒಬ್ಬರು. ಅಕ್ಕನ ಮಗ ಕಷ್ಟಪಟ್ಟು ಗುಂಪಿನಿಂದ ಬಿಡಿಸಿಕೊಂಡು ಬಂದ. "ಏನ್ ಚೇಂಜ್ ಮಾಡ್ದೆ?"

"ಏನೂ ಇಲ್ಲ ಸಾರ್. ನೀವು ಮಾತಾಡಿದ್ರಲ್ಲ, ಅದಕ್ಕೇ ಬಂತು." ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಕಾಫಿ ಆಯಿತು, ಎಲ್ಲರೂ ಹೋದರು. ಅಕ್ಕನ ಮಗನನ್ನು ವಿಶ್ವೇಶ್ವರಪುರಂ ದಂಪತಿ ಜೊತೆಯಲ್ಲೇ ಮಾತಾಡಿಸಿಕೊಂಡು ಕರೆದುಕೊಂಡು ಹೋದರು. ನಾನು ಸ್ಕ್ರೂಡ್ರೈವರು ಚೀಲಕ್ಕೆ ಹಾಕುತ್ತಿದ್ದೆ. ಮೇಡಂ ಕಂಪ್ಯೂಟರಿನ ಮುಂದೆ ಕೂತು ಆ ಬೀಗದ ಮೇಲೆ ಎರಡು ಸಲ ಒತ್ತಿದರು. ಯಾವ ಕಾಗದ ಬಂದರೂ ಪೂರ್ತಿ ಓದದೆ ಬಿಡುವವರಲ್ಲ ಅವರು.

"ಇಲ್ಲಿ ಬಾಪ್ಪಾ. ಇದು ಯಾವಾಗಿಂದ ಚಾಲ್ತಿ ಅಂತ ಬರ್ದಿದೆ, ಓದು."

"ಶುಕ್ರವಾರ ನಾಲ್ಕು ಇಪ್ಪತ್ತು ಮೇಡಂ. ಮುಹೂರ್ತಕ್ಕೆ ಸರಿಯಾಗಿ."

"ನಮ್ಮ ಗಡಿಯಾರ ಹತ್ತು ನಿಮಿಷ ಮುಂದೆ. ಸ್ಕೂಲಿಗೆ ಹೋಗ್ತಿದ್ದಾಗ ಇಟ್ಟಿದ್ದು, ಹಾಗೇ ಬಿಟ್ಟಿದೀನಿ. ಬೇಕಂತಲೇ ನಿನ್ನ ಹತ್ತು ನಿಮಿಷ ಮುಂಚೆ ಕೂರಿಸ್ದೆ, ಕೈ ಕುದುರೋ ಹೊತ್ತಿಗೆ ಮುಹೂರ್ತ ಬರ್ಲಿ ಅಂತ. ನೀನು ಟಪಟಪ ಹೊಡೆದು ಮುಗಿಸಿದ್ದು ನಾಲ್ಕು ಹನ್ನೊಂದಕ್ಕೆ. ಇವನು ಭಾಷಣ ಮಾಡೋ ಅಷ್ಟು ಹೊತ್ತೂ ನಿನ್ನ ಕೈ ಮಡಿಲಲ್ಲಿತ್ತು, ನೋಡ್ತಾನೇ ಇದ್ದೆ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಈಗ ಹೇಳು. ಕೈ ಮಡಿಲಲ್ಲಿದ್ದಾಗ ಇದನ್ನ ಮಾಡ್ದೋರು ಯಾರು?"

ಎಂಟನೇ ಕ್ಲಾಸಿನ ಗಣಿತದ ಪೀರಿಯಡ್ಡಿನ ನಂತರ ನಾನು ಹಾಗೆ ನಿಂತಿದ್ದು ಅದೇ ಮೊದಲು. ಬುಧವಾರದ ಧೂಳಿನ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿ, ನೋಟ್‌ಬುಕ್ಕು ಮುಂದಿಟ್ಟೆ. ಅವರು ನಾಲ್ಕೂ ಎರರುಗಳನ್ನು ಓದಿದರು. ತಮ್ಮ ಎಂ.ಎ., ಬಿ.ಎಡ್. ಬಂದ ಜಾಗದಲ್ಲಿ ಸ್ವಲ್ಪ ನಿಂತರು. ತುಟಿ ಅಲುಗಿದಂತೆ ಕಂಡಿತು, ನಕ್ಕರೋ ಇಲ್ಲವೋ ಹೇಳಲಾರೆ.

"ಅದನ್ನ ಅಳಿಸು" ಎಂದರು. "ಈಗ ನನ್ನೆದುರಿಗೆ ಮಾಡು. ಪುಸ್ತಕ ನನ್ನ ಹತ್ರ ಇರುತ್ತೆ."

"ಈಗ ಯಾವ ಮುಹೂರ್ತ ಮೇಡಂ?"

"ಇದು ಮುಹೂರ್ತ ಅಲ್ಲ. ಪರೀಕ್ಷೆ."

ಕೂತೆ. ಈ ಸಲ ಟಪಟಪ ಇರಲಿಲ್ಲ, ಒಂದೊಂದೇ ಅಕ್ಷರ. ದೇಶಕ್ಕೆ ಎರಡೇ ಅಕ್ಷರ, ಹೆಸರಿನ ಜಾಗದಲ್ಲಿ ಸೈಟಿನ ವಿಳಾಸ. ನಡುವೆ ಒಂದು ಎರರ್ ಬಂದೇ ಬಂತು. ಕೀಲಿಕೈ ಫೈಲಿಗೆ ನಾನೇ ಇಟ್ಟಿದ್ದ ಗುಟ್ಟಿನ ಪದವನ್ನು ತಪ್ಪಾಗಿ ಒತ್ತಿದ್ದೆ, ಫೈಲು ತೆರೆಯಲಾಗುತ್ತಿಲ್ಲ ಎಂದು ಪರದೆ ಹೇಳಿತು. ನಾನು ಅದನ್ನು ಜೋರಾಗಿ ಓದಿದೆ, ಅರ್ಥ ಹೇಳಿದೆ, ಮತ್ತೆ ನಿಧಾನವಾಗಿ ಪದ ಹೊಡೆದೆ. ಬೀಗ ಬಂತು. ಮೇಡಂ ಅದರ ಮೇಲೆ ಒತ್ತಿ ಹೊತ್ತು ನೋಡಿದರು, ತಮ್ಮ ಕೈಗಡಿಯಾರ ನೋಡಿದರು. ಡ್ರಾಯರಿನಿಂದ ಕೆಂಪು ಪೆನ್ನು ತೆಗೆದು ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕನೇ ಎರರಿನ ಕೆಳಗೆ ಐದನೆಯದನ್ನು ತಾವೇ ಬರೆದು, ಪಕ್ಕದಲ್ಲಿ ಒಂದು ಗೆರೆ ಎಳೆದು ಸಹಿ ಹಾಕಿದರು.

"ಶನಿವಾರ ಕಾರು ಬರಲ್ಲ, ನಾನು ಹೇಳ್ತೀನಿ. ಆದ್ರೆ ಇದು ಒಂದೇ ವರ್ಷಕ್ಕೆ ಅಂತ ಬರ್ದಿದೆ. ಮುಂದಿನ ವರ್ಷ ಮತ್ತೆ ಬಂದು ಇಲ್ಲೇ ಕೂತು ಮಾಡ್ಬೇ‌ಕು. ಗಡಿಯಾರ ಮುಟ್ಟಿದ್ರೆ ನೋಡು."

ಮೆಷಿನ್ನು ಆರು ವರ್ಷ ಆ ಭರಣಿಗಳ ಪಕ್ಕದಲ್ಲೇ ಇತ್ತು, ತಿರುಪುಗಳನ್ನು ನಾನೇ ಬಿಚ್ಚಿದೆ, ನಾನೇ ಬಿಗಿದೆ. ಪ್ರತಿ ವರ್ಷ ಸರ್ಟಿಫಿಕೇಟು ಮುಗಿಯುವ ವಾರ ಮೇಡಂ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂರುತ್ತಿದ್ದರು, ಪುಸ್ತಕ ಅವರ ಮಡಿಲಿನಲ್ಲಿರುತ್ತಿತ್ತು. ಅಕ್ಕನ ಮಗನಿಗೆ ವಿಶ್ವೇಶ್ವರಪುರಂನ ಆ ಮನೆಯ ಹುಡುಗಿಯೇ ನಿಶ್ಚಯವಾದಳು. ಮದುವೆಗೆ ನನ್ನನ್ನೂ ಕರೆದಿದ್ದ. ನಾನು ಧಾರೆಗೆ ಹತ್ತು ನಿಮಿಷ ಮುಂಚೆಯೇ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಮೇಡಂ ಅಷ್ಟರಲ್ಲಿ ಬಂದು ಕೂತಾಗಿತ್ತು. ನನ್ನನ್ನು ನೋಡಿ ತಮ್ಮ ಕೈಗಡಿಯಾರ ನೋಡಿಕೊಂಡರು, ಗಾಳಿಯಲ್ಲಿ ಬೆರಳಿನಿಂದ ಒಂದು ಸರಿ ಗುರುತು ಹಾಕಿದರು.